ಕಾಲೆತ್ತಿ ಕೇಳುವುದು

ಅವರ ಹಿಮ್ಮಡಿಗಳಲ್ಲಿ ಅರಿಶಿನದ ಕಲೆ ಇರುತ್ತಿತ್ತು. ಆಪರೇಷನ್ ಥಿಯೇಟರಿನ ಹಸಿರು ಚಪ್ಪಲಿಯಿಂದ ಒಂದು ಪಾದವನ್ನು ಹೊರತೆಗೆದು ಇನ್ನೊಂದರ ಮೇಲಿಟ್ಟು, ಕೊಕ್ಕರೆಯಂತೆ ನಿಂತು, ಅರಿವಳಿಕೆಯಲ್ಲಿ ಮಲಗಿದ ರೋಗಿಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮಾನಿಟರು ನೋಡುತ್ತಿದ್ದರು ನಮ್ಮ ಮೇಡಂ. ಆ ಕಲೆ ದಿನವೂ ಇರುತ್ತಿತ್ತೋ, ಶುಕ್ರವಾರ ಮಾತ್ರವೋ, ಈಗ ಹೇಳಲಾರೆ. ನೆನಪನ್ನು ಸಾಕ್ಷ್ಯವೆಂದು ನಂಬಬಾರದು. ಇದನ್ನು ಕಲಿಸಿದವರೂ ಅವರೇ ಅಂದುಕೊಂಡಿದ್ದೇನೆ, ಅದೂ ಖಚಿತವಿಲ್ಲ.

ಕಂಟೋನ್ಮೆಂಟಿನ ಹಳೆಯ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ವೈದ್ಯನಾದದ್ದು ಅವರ ಕೈಕೆಳಗೆ. ಅವರ ಮನೆ ಜೋಗುಪಾಳ್ಯ. ಬೆಳಿಗ್ಗೆ ರಸೆಲ್ ಮಾರುಕಟ್ಟೆ ಹೊಕ್ಕು ಸೊಪ್ಪು ಕೊಂಡು, ಆಸ್ಪತ್ರೆಯಲ್ಲಿ ನಾವು ಬಟ್ಟೆ ಬದಲಿಸುವ ಕೋಣೆಯ ಕಿಟಕಿಯಲ್ಲಿ ಒದ್ದೆ ಬಟ್ಟೆ ಹೊದಿಸಿ ಇಡುತ್ತಿದ್ದರು. ನಮ್ಮನ್ನೆಲ್ಲ ‘ಕಣ್ಣಾ’ ಎನ್ನುತ್ತಿದ್ದರು. ಸರ್ಜನ್‌ಗಳ ಮೇಲೆ ತೀರಾ ಸಿಟ್ಟು ಬಂದರೆ ತಮಿಳು.

ಬಿ.ಪಿ. ಇಳಿದಾಗ ನಮ್ಮ ಕೈ ತಾನಾಗಿ ಸಲೈನ್ ಬಾಟಲಿಯ ಕಡೆ ಹೋಗುತ್ತಿತ್ತು. ಹಿಂದಿನಿಂದ ಪ್ರಶ್ನೆ ಬರುತ್ತಿತ್ತು: “ಕೇಳಿದ್ಯಾ?”

ಕೇಳಬೇಕಾದ್ದು ಹೃದಯವನ್ನು. ಇನ್ನಷ್ಟು ದ್ರವ ಕೊಟ್ಟರೆ ನೀನು ಹೆಚ್ಚು ರಕ್ತ ಹೊರಹಾಕುತ್ತೀಯಾ? ಹೌದಾದರೆ ಸಲೈನ್ ಔಷಧ. ಇಲ್ಲವಾದರೆ ಶ್ವಾಸಕೋಶದಲ್ಲಿ ನಿಲ್ಲುವ ಬರೀ ನೀರು. ವೆಂಟಿಲೇಟರ್ ಗಾಳಿ ಒತ್ತಿದಾಗಲೆಲ್ಲ ನಾಡಿಯ ಅಲೆ ಏರಿಳಿಯುತ್ತದೆ. ತುಂಬಾ ತೂಗಾಡಿದರೆ ಹೃದಯಕ್ಕೆ ಬಂದು ಸೇರುವ ರಕ್ತ ಸಾಲದೆಂಬ ಸುಳಿವು. ಮಾನಿಟರು ಅದನ್ನೊಂದು ಸಂಖ್ಯೆಯಾಗಿ ತೋರಿಸುತ್ತದೆ.

ಒಮ್ಮೆ ಹೊಟ್ಟೆಯ ದೊಡ್ಡ ಆಪರೇಷನ್ ನಡೆದಿತ್ತು. ಹೆಂಗಸಿನ ಬಿ.ಪಿ. ಕುಸಿಯಿತು, ಆ ಸಂಖ್ಯೆ ಜಿಗಿಯಿತು.

“ಕೇಳ್ದೆ ಮೇಡಂ, ಫ್ಲೂಯಿಡ್ ಬೇಕು ಅಂತಿದೆ,” ಎಂದೆ.

“ಅಂತಿದ್ಯಾ? ಯಾರು ಹಾಗನ್ನಿಸ್ತಿದಾರೆ ನೋಡು.”

ನಮಗೂ ಸರ್ಜನ್‌ಗೂ ನಡುವೆ ಕಟ್ಟಿದ್ದ ಬಟ್ಟೆಯ ಪರದೆಯ ಮೇಲಿಂದ ಮೇಡಂ ಆ ಕಡೆ ಇಣುಕಿದರು. ಯಕೃತ್ತನ್ನು ಸರಿಸಿ ಹಿಡಿದಿದ್ದ ಉಪಕರಣ, ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ನಾಳವನ್ನೇ ಒತ್ತುತ್ತಿತ್ತು.

“ಸ್ವಲ್ಪ ಸಡಿಲ ಬಿಡಿ ಸಾರ್.”

“ಬಿಟ್ರೆ ನಂಗೇನೂ ಕಾಣಲ್ಲ ಮೇಡಂ!” ಎಂದರು ಸರ್ಜನ್.

“ನಿಮಗೆ ಕಾಣ್ಲಿ ಅಂತ ಆಯಮ್ಮನ ಹಾರ್ಟು ಉಪವಾಸ ಇರ್ಬೇಕಾ? ಬಿಡ್ರಿ.”

ಬಿಟ್ಟರು. ಬಿ.ಪಿ. ಏರಿತು. ಬಾಟಲಿ ನನ್ನ ಕೈಯಲ್ಲೇ ಉಳಿಯಿತು.

“ನಂಬರ್ ಸುಳ್ಳು ಹೇಳ್ಲಿಲ್ಲ ಕಣ್ಣಾ. ನೀನು ಪೂರ್ತಿ ಕೇಳಿಸ್ಕೊಳ್ಲಿಲ್ಲ.”

ಐಸಿಯುವಿನಲ್ಲಿ ಅನುಮಾನ ಬಂದರೆ ರೋಗಿಯ ಕಾಲೆತ್ತಿಸುತ್ತಿದ್ದರು. ಕಾಲಿನ ರಕ್ತ ಒಂದು ನಿಮಿಷ ಹೃದಯದ ಕಡೆ ಹರಿಯುತ್ತದೆ. ಹೃದಯ ಅದನ್ನು ಬಳಸಿಕೊಂಡರೆ ಸಲೈನನ್ನೂ ಬಳಸಿಕೊಂಡೀತು. “ಎತ್ತಿದ ಕಾಲು ಇಳಿಸ್ಬೋದು. ಹಾಕಿದ ನೀರು ವಾಪಸ್ ತೆಗಿಯಕ್ಕಾಗಲ್ಲ,” ಎನ್ನುತ್ತಿದ್ದರು.

ಮೇಡಂ ನಿವೃತ್ತರಾದ ಕೆಲವು ವರ್ಷಗಳ ಮೇಲೆ, ಇಂದಿರಾನಗರದಲ್ಲಿ ನಾನೀಗ ಕೆಲಸ ಮಾಡುವ ಆಸ್ಪತ್ರೆಗೆ ಅವರನ್ನೇ ತಂದರು. ನ್ಯುಮೋನಿಯಾ. ವಾರ ಕಳೆದರೂ ವೆಂಟಿಲೇಟರ್ ಬಿಡಿಸಲಾಗಲಿಲ್ಲ, ಬಿ.ಪಿ. ಬೇರೆ ಇಳಿಯತೊಡಗಿತು.

“ಇನ್ನೊಂದ್ ಬಾಟ್ಲಿ ಹಾಕಿ ನೋಡೋಣ ಡಾಕ್ಟ್ರೇ, ಪ್ಲೀಸ್,” ಎಂದಳು ಮಗಳು. “ನಿಮ್ಗೆ ಅಮ್ಮನೇ ಅಲ್ವಾ ಹೇಳ್ಕೊಟ್ಟಿದ್ದು?”

ಹಾಕುವ ಆಸೆ ನನಗೂ ಇತ್ತು. ಹಾಕಿದರೆ ಅವರಿಗಾಗಿ ಏನೋ ಮಾಡಿದಂತಾಗುತ್ತಿತ್ತು. ನಾಡಿ ತಾಳ ತಪ್ಪಿದ್ದರಿಂದ ಮಾನಿಟರಿನ ಆ ಸಂಖ್ಯೆಗೆ ಅರ್ಥವಿರಲಿಲ್ಲ. ಉಳಿದದ್ದು ಒಂದೇ ದಾರಿ.

ಗುಂಡಿ ಒತ್ತಿದರೆ ಮಂಚವೇ ಕಾಲೆತ್ತುತ್ತದೆ. ನಾನು ಒತ್ತಲಿಲ್ಲ. ತಲೆಯ ಭಾಗ ತಗ್ಗಿಸಿ, ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿಟ್ಟುಕೊಂಡು ಎತ್ತಿದೆ. ಸಹೋದ್ಯೋಗಿಯೊಬ್ಬ ಎದೆಯ ಮೇಲೆ ಎಕೋ ಸ್ಕ್ಯಾನರ್ ಇಟ್ಟು, ಹೃದಯ ಹೊರಹಾಕುವ ರಕ್ತವನ್ನು ಅಳೆಯುತ್ತಿದ್ದ. ಅದು ಹೆಚ್ಚಲಿಲ್ಲ. ಮೇಡಂ ಉತ್ತರ ಕೊಟ್ಟಿದ್ದರು: ಬೇಡ. ಮಗಳಿಗೆ ಅದನ್ನು ಹೇಳಿದೆ. ಬಾಟಲಿ ಹಾಕಲಿಲ್ಲ, ಬಿ.ಪಿ. ಏರಿಸುವ ಔಷಧಿ ಹೆಚ್ಚಿಸಿದೆವು. ಮಾರನೆಯ ದಿನ ಮೇಡಂ ಹೋದರು.

ಈಗಲೂ ಬಾಟಲಿಗೆ ಕೈ ಹಾಕುವಾಗ, ಹಿಂದಿನಿಂದ ಆ ಪ್ರಶ್ನೆ ಬರಲೆಂದು ಒಂದು ಕ್ಷಣ ಕಾಯುತ್ತೇನೆ.

ಅಂದು ಆ ಹಿಮ್ಮಡಿಗಳಲ್ಲಿ ಅರಿಶಿನ ಕಂಡಂತೆ ನೆನಪು. ವಾರವಿಡೀ ನರ್ಸುಗಳು ಒರೆಸಿದ ಕಾಲಿನಲ್ಲಿ ಅರಿಶಿನ ಎಲ್ಲಿಂದ ಬರಬೇಕು? ಇದ್ದಿರಲಾರದು. ಆದರೆ ಅವುಗಳ ಭಾರವನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಆ ಪರೀಕ್ಷೆಗೆ ಒಂದು ನಿಮಿಷ ಸಾಕು. “ಆಯ್ತು ಸಾರ್, ಇಳ್ಸಿ,” ಎಂದ ಸಹೋದ್ಯೋಗಿ. ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗೆ, ಇನ್ನೊಮ್ಮೆ ಹೇಳಿದ. ನಾನಿನ್ನೂ ಹಿಡಿದೇ ಇದ್ದೆ.