ಗೋಡೆಗೆ ತಿರುಗಿದ ಕುರ್ಚಿ

ಕೌಲಾಲಂಪುರದ ರೈಲು ನಿಲ್ದಾಣದ ಮೆಟ್ಟಿಲ ಬಳಿ ನನ್ನ ಏಳು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಬಸ್ಸುಗಳ ಹಾರ್ನ್, ಹೊಸ ಮಾರ್ಗಕ್ಕಾಗಿ ನೆಲ ಕೊರೆಯುವ ಯಂತ್ರ, ನೂಕುವ ಜನ ಎಲ್ಲವೂ ಒಟ್ಟಿಗೆ ಅವಳ ಮೇಲೆ ಬಿದ್ದಂತಿತ್ತು. ಗದ್ದಲ ಅವಳಿಗೆ ಮೊದಲಿನಿಂದಲೂ ಆಗದು. ತಿಂಗಳುಗಟ್ಟಲೆ ಕಾದು ಸಿಕ್ಕಿದ್ದ ತಜ್ಞ ವೈದ್ಯರನ್ನು ಕಾಣಲು ಆ ರೈಲು ಹತ್ತಲೇಬೇಕಿತ್ತು.

ಪಕ್ಕದ ಮಾಮಕ್ ಅಂಗಡಿಯ, ಎಂದರೆ ತಮಿಳು ಮುಸ್ಲಿಮರು ನಡೆಸುವ ಚಹಾ-ತಿಂಡಿ ಅಂಗಡಿಯ, ಮಾಲೀಕ ಚಹಾ ಸುರಿಯುವುದನ್ನು ಬಿಟ್ಟು ಬಂದ. ಏನೂ ಕೇಳದೆ ಒಂದು ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ಅವಳನ್ನು ಕೂರಿಸುವಂತೆ ಸನ್ನೆ ಮಾಡಿದ. ರೇಡಿಯೋ ನಿಲ್ಲಿಸಿದ.

“ಏನ್ ಬಾಸ್, ರೇಡಿಯೋ ಕೆಟ್ಟೋಯ್ತಾ?” ಎಂದು ಗಿರಾಕಿಯೊಬ್ಬ ತಮಿಳಿನಲ್ಲಿ ಕೆಣಕಿದ.

“ಇಲ್ಲ ಲಾ. ಈ ಪಾಪುಗೆ ಶಬ್ದ ಆಗಲ್ಲ. ನಿನ್ನ ಬಾಯೂ ಸ್ವಲ್ಪ ಆಫ್ ಮಾಡು.”

ಗಿರಾಕಿಗಳು ನಗುತ್ತಲೇ ದನಿ ತಗ್ಗಿಸಿದರು. ಬರಿಯ ಗೋಡೆಯನ್ನೇ ನೋಡುತ್ತ ಕುಳಿತ ಮಗಳ ಕೈಗಳು ಮೆಲ್ಲನೆ ಕಿವಿಯಿಂದ ಇಳಿದವು. “ಅಪ್ಪಾ, ಕ್ಯಾನ್ ಗೋ ನೌ,” ಎಂದಳು. ರೈಲು ಸಿಕ್ಕಿತು.

ಅಂದು ಅಂಗಡಿ ನಿಜಕ್ಕೂ ಅಷ್ಟು ನಿಶ್ಶಬ್ದವಾಗಿತ್ತೋ, ನನ್ನ ಕೃತಜ್ಞತೆ ಅದನ್ನು ಹಾಗೆ ನೆನಪಿಟ್ಟುಕೊಂಡಿದೆಯೋ, ಹೇಳಲಾರೆ. ಮೊನ್ನೆ ಆ ನಿಲ್ದಾಣದ ಎದುರು, ಹೊಸದಾಗಿ ಕಟ್ಟಲಿರುವ ಸಾರ್ವಜನಿಕ ಅಂಗಳದ ನಕ್ಷೆ ತೂಗುಹಾಕಿದ್ದರು. ಕಾರಂಜಿ, ಹೂಗಿಡ ಎಲ್ಲವೂ ಇದ್ದವು. ಗಲಾಟೆಗೆ ಬೆನ್ನು ಹಾಕಿ ಒಬ್ಬರು ಕೂರುವಷ್ಟು ಜಾಗ ಎಲ್ಲಿದೆ ಎಂದು ಆ ನಕ್ಷೆಯಲ್ಲಿ ಬಹಳ ಹೊತ್ತು ಹುಡುಕಿದೆ.