ಆಚಾರ್ರು ಅಧ್ಯಕ್ಷರಾದ ಮೇಲೆ

ಪುರಸಭೆಯ ಅಧ್ಯಕ್ಷಗಿರಿ ಮುಗಿದು ಎರಡು ವರ್ಷವಾದರೂ ಕಾಳಾಚಾರಿಯವರನ್ನು ಊರು 'ಅಧ್ಯಕ್ಷರೇ' ಎಂದೇ ಕೂಗುತ್ತಿತ್ತು. ನಮ್ಮ ಕಡೆ ಅದೊಂದು ಹಾಳು ಮರ್ಯಾದೆ. ಒಮ್ಮೆ ಅಂಟಿದರೆ ಸಾಯುವತನಕ ಬಿಡುವುದಿಲ್ಲ. ಅದಕ್ಕೂ ಮೊದಲು ಅವರು ಬಡಗಿ, ಎಲ್ಲರ ಬಾಯಲ್ಲೂ ಬರೀ 'ಆಚಾರ್ರು'.

ಮೀಸಲಾತಿ ಬಂದು ಸಿಕ್ಕಿದ ಕುರ್ಚಿ ಅದು. ಸಭೆ ನಡೆಸುವ, ನಲ್ಲಿ ಚರಂಡಿ ನೋಡಿ ಬರುವ, ಆಗಬೇಕಾದ್ದನ್ನು ಹೇಳುವ ಅಧಿಕಾರವೇನೋ ಇತ್ತು. ಚೆಕ್ಕಿಗೆ ರುಜು ಹಾಕುವವರು, ಆಳುಗಳನ್ನು ನೇಮಿಸುವವರು ಬೇರೆ. ಕೆಲಸ ಕೊಡಿಸಿ ಎಂದು ಬಂದವರಿಗೆಲ್ಲ "ನೋಡ್ಮ ಕಣಪ್ಪ" ಎಂದು ಹೇಳಿ ಹೇಳಿ ನಾಲಿಗೆ ಸವೆಯಿತು, ಒಬ್ಬರಿಗೂ ಕೊಡಿಸಲಾಗಲಿಲ್ಲ.

ಈಗ ಮನೆಯಲ್ಲಿ ಉಳಿ, ಬಾಚಿ ತುಕ್ಕು ಹಿಡಿಯುತ್ತಿದ್ದವು. ಅಧ್ಯಕ್ಷರ ಕೈಲಿ ಕಿಟಕಿ ಮಾಡಿಸುವುದೆಂದರೆ ಜನಕ್ಕೆ ಸಂಕೋಚ. ಬಾಯಿಬಿಟ್ಟು ಕೆಲಸ ಕೇಳಲು ಇವರಿಗೆ ನಾಚಿಕೆ.

ಅವತ್ತು ಹಿಂದಿನ ಬೀದಿಯ ರೆಹಮತುನ್ನೀಸಾ ಬಂದರು. ಅವರ ಮನೆಯ ತಲೆಬಾಗಿಲನ್ನು ಮಾಡಿಕೊಟ್ಟವರು ಇದೇ ಆಚಾರ್ರು.

"ಬಾಗ್ಲು ಉಬ್ಕೊಂಡ್ಬುಟ್ಟದೆ, ಹಾಕಕ್ಕೇ ಆಯ್ತಿಲ್ಲ ಅಧ್ಯಕ್ಷರೇ."

ಕಾಳಾಚಾರಿ ಆಗಲೇ ಎದ್ದು ಮರ ಹೆರೆಯುವ ಕೀಸುಳಿಗೆ ಕೈ ಹಾಕಿದ್ದರು.

"ಯಾರಾನ ಒಳ್ಳೆ ಬಡಗಿ ಇದ್ರೆ ಹೇಳಿ. ಈಗ ನಿಮ್ಮ ಕೈಲಿ ಮಾಡ್ಸಕ್ಕಾಯ್ತದಾ, ತೋಬಾ ತೋಬಾ!"

ಕೀಸುಳಿ ಹಿಡಿದ ಕೈ ಹಾಗೇ ನಿಂತಿತು. "ನಾನೇ ಬತ್ತೀನಿ ಕಣಮ್ಮ" ಎಂಬ ಮಾತು ಗಂಟಲವರೆಗೆ ಬಂತು. ಅಧ್ಯಕ್ಷರ ಬಾಯಿಂದ ಹೊರಡಲಿಲ್ಲ. ಅರಕೆರೆಯ ಬಡಗಿಯೊಬ್ಬನ ಫೋನ್ ನಂಬರು ಹೇಳಿ ಕಳಿಸಿದರು.

ಅಂತೂ ಅಧ್ಯಕ್ಷರು ಒಬ್ಬನಿಗೆ ಕೆಲಸ ಕೊಡಿಸಿದರು.