ಲೋನ್ ಆಫೀಸರ್ ಬರುವ ದಿನ ಅಟ್ಟ ಗುಡಿಸಿದ್ದು

ಎರಡು ವರ್ಷದ ಹಿಂದಿನ ಫೆಬ್ರವರಿ. ತಿಪಟೂರಿನಲ್ಲಿ ನಾವು ಮೂವತ್ತೊಂದು ವರ್ಷದಿಂದ ಬಾಡಿಗೆಗಿದ್ದ ಮನೆಯನ್ನು ಕೊಂಡುಕೊಳ್ಳಲು ನನಗೆ ಇನ್ನು ಹನ್ನೊಂದೇ ದಿನ ಉಳಿದಿತ್ತು. ಓನರ್ ತೀರಿಕೊಂಡ ಮೇಲೆ ಅವರ ಮಕ್ಕಳು, ನೀವೇ ತಗೊಳ್ಳೋದಾದರೆ ಮೂರು ತಿಂಗಳು ಕಾಯುತ್ತೇವೆ ಮಿಸ್, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದು ಅಗ್ರಿಮೆಂಟ್ ಮಾಡಿಕೊಟ್ಟಿದ್ದರು. ನನ್ನ ಬಳೆ, ಸರ ಮಾರಿ ಬಂದದ್ದೆಲ್ಲ ಅಡ್ವಾನ್ಸ್‌ಗೆ ಹೋಗಿತ್ತು. ಗಡುವು ಮೀರಿದರೆ ಅದೂ ಇಲ್ಲ, ಮನೆಯೂ ಇಲ್ಲ.

ಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ನಾದಿನಿ ಗೌರಮ್ಮ. ನಾನು ಕಾನ್ವೆಂಟ್‌ನಲ್ಲಿ ಓದಿ, ಇಲ್ಲಿನ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು. ಪೆನ್ಷನ್ ಇಲ್ಲ. ಗೌರಿ ತೀರಿಹೋದ ನನ್ನ ಯಜಮಾನರ ಕೊನೆಯ ತಂಗಿ, ನನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವಳು. ಮದುವೆಯಾದ ವರ್ಷವೇ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ತುರುವೇಕೆರೆ ರಸ್ತೆಯಲ್ಲಿರುವ ನಮ್ಮ ಎರಡೆಕರೆ ತೆಂಗಿನ ತೋಟ ಪೂರಾ ಅವಳ ಕೈಯಲ್ಲಿತ್ತು. ಕಾಯಿ ಕೆಡವಿಸುವುದು, ತಂದು ಮನೆಯ ಅಟ್ಟಕ್ಕೆ ತುಂಬುವುದು, ಅಲ್ಲೇ ವರ್ಷದ ಹತ್ತಿರ ಒಣಗಿ ಒಳಗೆ ಉಂಡೆ ಕೊಬ್ಬರಿ, ಅಂದರೆ ಗಿಟುಕು, ಆದ ಮೇಲೆ ಸುಲಿಸಿ ಮಾರ್ಕೆಟ್ಟಿಗೆ ಹಾಕುವುದು, ಎಲ್ಲ ಅವಳೇ. ನಾನು ಒಂದು ದಿನವೂ ಅಟ್ಟ ಹತ್ತಿದವಳಲ್ಲ.

ಹೋಮ್ ಲೋನ್‌ಗೆಂದು ಮೂರು ಬ್ಯಾಂಕ್ ಸುತ್ತಿದ್ದೆ. ಒಂದರಲ್ಲಿ ನನ್ನ ಅರವತ್ತೇಳು ವಯಸ್ಸು ಕೇಳಿದ ಕೂಡಲೇ ಫೈಲ್ ಮುಚ್ಚಿದರು. ಇನ್ನೊಂದರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಇಲ್ಲದೆ ಆಗುವುದಿಲ್ಲ ಎಂದರು. ಮೂರನೆಯವರು ಊಟದ ಹೊತ್ತಿನವರೆಗೂ ಕೂರಿಸಿಕೊಂಡು, "ಸಾರಿ ಮೇಡಂ, ನಿಮ್ಮದು ಸಿಸ್ಟಮ್ ತಗೊಳ್ತಾ ಇಲ್ಲ" ಎಂದರು. ನಾನು ಅಂದವಾದ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಆಗ ನನ್ನ ಹಳೆಯ ಕೊಲೀಗ್ ಒಬ್ಬರು ಒಂದು ಸಣ್ಣ ಹೌಸಿಂಗ್ ಫೈನಾನ್ಸ್ ಕಂಪನಿಯ ವಿಷಯ ಹೇಳಿದರು. ಬಡ್ಡಿ ಸ್ವಲ್ಪ ಜಾಸ್ತಿ, ಆದರೆ ಸ್ಯಾಲರಿ ಸ್ಲಿಪ್ ಇಲ್ಲದವರಿಗೂ ಕೊಡುತ್ತಾರೆ, ಮನೆಗೇ ಬಂದು ನೋಡಿ ತೀರ್ಮಾನಿಸುತ್ತಾರೆ ಎಂದರು. ಅರ್ಜಿ ಕೊಟ್ಟೆ. ಬುಧವಾರ ಎರಡು ಗಂಟೆಗೆ ಆಫೀಸರ್ ಬರುವರೆಂದು ಫೋನ್ ಬಂತು.

ಮನೆಗೇ ಬಂದು ನೋಡುತ್ತಾರೆ ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಅಟ್ಟದಿಂದ ಹಾಲ್‌ಗೆ ಸದಾ ಧೂಳು, ಸಿಪ್ಪೆಯ ನಾರು ಉದುರುತ್ತಿತ್ತು. ಇಲಿ ಓಡಾಡುವ ಸದ್ದು ಬೇರೆ. ಡೀಸೆಂಟ್ ಆಗಿ ಕಾಣಬೇಕೆಂದು ಮಂಗಳವಾರ ಟ್ರ್ಯಾಕ್ಟರ್ ಕರೆಸಿ, ಅಷ್ಟೂ ಕಾಯಿಯನ್ನು ತೋಟದ ಪಂಪ್‌ಹೌಸಿಗೆ ಸಾಗಿಸಿದೆ. ಅಟ್ಟದ ಮೂಲೆಯ ಗೋಣಿಚೀಲ, ಹಳೆಯ ಕಾಗದ, ಹಗ್ಗ ಎಲ್ಲವೂ ಜೊತೆಗೇ ಹೋದವು. ಗೌರಿ ಬೇಡವೆಂದಳು. "ಒಣಗ್ತಿರೋ ಕಾಯಿ ಕದಲಿಸ್ಬಾರ್ದು ಕಣತ್ತಿಗೆ. ಒಳಗೆ ಗಿಟುಕು ಒಡ್ದು ಹೋಯ್ತದೆ." ಒಂದೆರಡು ದಿನದ ಮಾತು ಎಂದೆ.

ಬುಧವಾರ ಬೆಳಿಗ್ಗೆ ಇನ್ನೊಂದು ಕೆಲಸ ಮಾಡಿದೆ. ಗೌರಿಯದು ಗಟ್ಟಿ ಗಂಟಲು, ಯಾರನ್ನಾದರೂ ಏನಾದರೂ ಅಂದುಬಿಡುವ ಬಾಯಿ. ಕಾಯಿ ಯಾರಾದರೂ ಕದ್ದಾರು, ನೀನು ತೋಟದಲ್ಲಿ ಇದ್ದರೆ ಒಳ್ಳೆಯದು ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು.

"ಕಾಯಿ ಜೊತೆಗೆ ನನ್ನೂ ಸಾಗಿಸ್ತಿದೀಯ ಅನ್ನು" ಎಂದು ಬುತ್ತಿ ಕಟ್ಟಿಕೊಂಡು ಹೊರಟಳು. ನಾನು ಕೇಳಿಸದವಳಂತೆ ಕರ್ಟನ್ ಸರಿಮಾಡುತ್ತಿದ್ದೆ.

ಆಫೀಸರ್ ಶೈಲಜಾ ಎಂದು, ನಲವತ್ತರ ಹೆಂಗಸು, ಕಂದಿಕೆರೆ ಕಡೆಯವರು, ಅವರೂ ತೆಂಗಿನ ಸೀಮೆಯವರೇ. ಟೀ, ಬಿಸ್ಕೆಟ್ ಮುಟ್ಟಲಿಲ್ಲ. ನನ್ನ ಡಿಗ್ರಿ ಸರ್ಟಿಫಿಕೇಟ್, ಸ್ಕೂಲಿನ ಎಕ್ಸ್‌ಪೀರಿಯನ್ಸ್ ಲೆಟರ್ ಎಲ್ಲ ಮೇಲೆ ಮೇಲೆ ನೋಡಿ ಪಕ್ಕಕ್ಕಿಟ್ಟು, ತೋಟದ ಪಹಣಿ ತೆಗೆದುಕೊಂಡರು. ಆಮೇಲೆ ಸೀದಾ ಎದ್ದು ಅಟ್ಟದ ಏಣಿ ಹತ್ತಿದರು.

ಇಳಿದು ಬಂದು ಕೈ ಒರೆಸಿಕೊಂಡು, "ಕಾಯಿ ಎಲ್ಲಿ ಮೇಡಂ?" ಎಂದರು.

ಕ್ಲೀನ್ ಮಾಡಿಸಿದೆ ಎಂದು ನಾನು ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. "ಅಯ್ಯೋ ಮೇಡಂ, ನಾನು ನೋಡಕ್ಕೆ ಬಂದಿದ್ದೇ ಅಟ್ಟಾನ. ನಮ್ಮ ಕಡೆ ಸ್ಯಾಲರಿ ಸ್ಲಿಪ್ ಅಂದ್ರೆ ಅದೇ ಅಲ್ವಾ? ಖಾಲಿ ಅಟ್ಟದ ಫೋಟೋ ಕಳಿಸಿದ್ರೆ ಆದಾಯ ಇಲ್ಲ ಅಂತ ಬರ್ಕೊಳ್ತಾರೆ."

ನಾಳೆ ಕಮಿಟಿ ಕೂರುತ್ತದೆ, ಇವತ್ತು ಐದು ಗಂಟೆಯೊಳಗೆ ರಿಪೋರ್ಟ್ ಹೋಗದಿದ್ದರೆ ಮುಂದಿನ ಕಮಿಟಿ ಹದಿನೈದು ದಿನಕ್ಕೆ ಎಂದೂ ಹೇಳಿದರು. ನನಗಿದ್ದದ್ದು ಹನ್ನೊಂದು ದಿನ. ಅವರು ಪಹಣಿ ತಿರುಗಿಸಿ ಬೆರಳಿಟ್ಟು, ಇದರಲ್ಲಿ ನಿಮ್ಮ ಯಜಮಾನರ ಹೆಸರಿನ ಪಕ್ಕ ಗೌರಮ್ಮ ಅಂತ ಇದೆಯಲ್ಲ, ಯಾರು ಎಂದರು. ನಾದಿನಿ, ಅವಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂದೆ. ಎಲ್ಲಿದ್ದಾರೆ ಎಂದರು. ಎಲ್ಲಿದ್ದಾಳೆಂದು ಹೇಳುವಾಗ ಯಾಕೋ ಅವರ ಮುಖ ನೋಡಲಾಗಲಿಲ್ಲ.

ಗೌರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಡೆಗೆ ಶೈಲಜಾ ಅವರ ಸ್ಕೂಟರ್ ಹಿಂದೆ, ಫೈಲ್ ಎದೆಗವಚಿಕೊಂಡು ಕೂತೆ. ಆ ವಯಸ್ಸಿಗೆ ಸ್ಕೂಟರ್ ಹತ್ತಿದ್ದು ಅದೇ ಮೊದಲು. ದಾರಿಯಲ್ಲಿ ರೈಲ್ವೆ ಗೇಟ್ ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ. ತೋಟ ತಲುಪಿದಾಗ ಮೂರೂ ಮುಕ್ಕಾಲು.

ಗೌರಿ ಪಂಪ್‌ಹೌಸಿನ ಬಾಗಿಲಲ್ಲಿ ಕೂತಿದ್ದಳು. ಎದ್ದು ಬರಲಿಲ್ಲ. ಶೈಲಜಾ ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, ಎಷ್ಟು ತಿಂಗಳಾಯ್ತಮ್ಮ ಎಂದು ಅವಳ ಕೈಗಿಟ್ಟರು. ಗೌರಿಯೂ ಅಲ್ಲಾಡಿಸಿದಳು.

"ಹತ್ತು. ಒಂದು ಗುಟುಕು ನೀರೈತೆ ಇನ್ನೂವೆ."

ಒಡೆದು ನೋಡಿದರು. ಒಂದೇ ಗುಟುಕು. ಇನ್ನೊಂದನ್ನು ಅಲ್ಲಾಡಿಸಿ ಗೌರಿ, ಇದರ ಗಿಟುಕು ನಿನ್ನೆ ಟ್ರ್ಯಾಕ್ಟರಿನಲ್ಲಿ ಒಡೆದಿದೆ ಎಂದಳು. ಒಡೆದರೆ ಒಳಗೆ ಎರಡು ಹೋಳು. ನನ್ನ ಕಡೆ ಮಾತ್ರ ಅವಳು ನೋಡಲಿಲ್ಲ.

ಮಾರಿದ್ದಕ್ಕೆ ಲೆಕ್ಕ ಏನಾದರೂ ಉಂಟೇ ಎಂದು ಕೇಳಿದಾಗ, ಅವಳು ಒಳಗಿದ್ದ ಗೋಣಿಚೀಲ ಬಿಚ್ಚಿ ಒಂದು ತಂತಿ ಎಳೆದಳು. ಮಂಡಿಯವರು ಕೊಡುವ ಮಾರಾಟದ ಪಟ್ಟಿಗಳು, ವರ್ಷ ವರ್ಷದವು, ಅದಕ್ಕೆ ಒಂದರ ಮೇಲೊಂದು ಚುಚ್ಚಿಕೊಂಡಿದ್ದವು. ಎಲ್ಲವೂ ಗೌರಮ್ಮ ಎಂಬ ಹೆಸರಿಗೆ. ಹಣವೆಲ್ಲ ಅವಳ ಖಾತೆಗೇ ಬಂದು, ಅಲ್ಲಿಂದ ಮನೆಗೆ. ಮೂವತ್ತು ವರ್ಷ ಒಂದೇ ಒಲೆಯ ಅನ್ನ ಉಂಡೂ ನಾನು ಇದನ್ನು ಕೇಳಿದವಳಲ್ಲ.

ಶೈಲಜಾ ವಾಚ್ ನೋಡಿಕೊಂಡರು. ನಾಲ್ಕೂಕಾಲು. "ಇವರು ಮೇನ್ ಅಪ್ಲಿಕೆಂಟ್, ನೀವು ಜೊತೆಗೆ ಅಂತ ಮಾಡಿದ್ರೆ ನಾನು ಧೈರ್ಯವಾಗಿ ಬರೀತೀನಿ. ಇವರ ವಯಸ್ಸೂ ಲಿಮಿಟ್ ಒಳಗಿದೆ. ಮನೆ ಪತ್ರದಲ್ಲೂ ಇವರ ಹೆಸರೇ ಮೊದಲು ಬರುತ್ತೆ. ಒಪ್ಪಿಗೆನಾ?"

ನಾನು ಹೂಂ ಎಂದೆ. ಗೌರಿ ತಂತಿ ಸುತ್ತುತ್ತಾ ತಲೆಯೆತ್ತದೆ ಹೇಳಿದಳು: "ನಂಗೊಪ್ಪಿಗೆ ಇಲ್ಲ ಕಣಮ್ಮ. ಬಂದೋರ ಮುಂದೆ ನಿಂತ್ಕಳಕ್ಕೆ ಲಾಯಕ್ಕಿಲ್ದೋಳು ಪತ್ರದಾಗೆ ಹೆಂಗೆ ನಿಂತ್ಕಳ್ಳಿ?"

ಶೈಲಜಾ ಆಚೆ ಹೋಗಿ ಮರದ ಫೋಟೋ ತೆಗೆಯುತ್ತಾ ನಿಂತರು. ಬ್ಯಾಂಕಿನ ಕ್ಲರ್ಕ್‌ಗಳಿಗೆಲ್ಲ ದಿನಕ್ಕೆ ಹತ್ತು ಸಲ ಸಾರಿ ಎಂದವಳು ನಾನು. ಇವಳ ಮುಂದೆ ಆ ಮಾತು ಹಗುರ ಎನಿಸಿತು. ಮನೆ ಹೋದರೂ ಹೋಗಲಿ ಎಂದು ಆ ಕ್ಷಣದಲ್ಲಿ ನಿಜವಾಗಿಯೂ ಅನ್ನಿಸಿತು. ಅವಳ ಪಕ್ಕ ಧೂಳಿನಲ್ಲೇ ಕೂತೆ.

"ತಪ್ಪಾಯ್ತು ಗೌರಿ. ನಿನ್ನ ಕಂಡರೆ ನನಗೆ ನಾಚಿಕೆಯಾಗ್ತಿತ್ತು" ಎಂದೆ.

"ಗೊತ್ತು ಬುಡು. ಇವತ್ತಿಂದಾ ಅದು?" ಎಂದಳು. ನೀರಿನ ತೊಟ್ಟಿಗೆ ಹೋಗಿ ಕೈ ತೊಳೆದು ಬಂದು, ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡು, ಎಲ್ಲಿ ಹಾಕಬೇಕು ಸೈನು ಎಂದು ಶೈಲಜಾ ಅವರನ್ನು ಕೂಗಿ ಕೇಳಿದಳು. ಒಂದೊಂದೇ ಅಕ್ಷರ ಒತ್ತಿ ಬರೆದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಶೈಲಜಾ ಅವರ ಫೋನಿನಿಂದಲೇ ರಿಪೋರ್ಟ್ ಹೋಯಿತು. ಲೋನ್ ಸಿಕ್ಕಿ, ಗಡುವಿಗೆ ಎರಡು ದಿನ ಮುಂಚೆ ರಿಜಿಸ್ಟ್ರೇಷನ್ ಆಯಿತು.

ಈಗ ಮನೆ ನಮ್ಮದು. ಕಂತು ನಡೆಯುತ್ತಿದೆ. ಆದರೆ ಯಾರಾದರೂ ಬಂದು ಬೆಲ್ ಒತ್ತಿದರೆ ಸಾಕು, ಗೌರಿ ಇವತ್ತಿಗೂ ಎದ್ದು ಅಡುಗೆಮನೆಯ ಕಡೆ ನಡೆಯುತ್ತಾಳೆ. ಕೂತ್ಕೋ ಗೌರಿ ಎನ್ನುತ್ತೇನೆ. ಒಮ್ಮೊಮ್ಮೆ ಕೂರುತ್ತಾಳೆ. ಒಮ್ಮೊಮ್ಮೆ, ಒಳಗೆ ಕೆಲಸ ಐತೆ ಎಂದು ಹೋಗಿಬಿಡುತ್ತಾಳೆ. ನಿಜವಾಗಿಯೂ ಕೆಲಸವಿತ್ತೇ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.